ಒಂದೇ ಅಕ್ಷರ, ಮೂರು ದೇಶ, ಮೂರು ಬಗೆಯ ಭೂಮಿ: ಚೀನೀ ಲಿಪಿ ನಿಜಕ್ಕೂ ಚಿತ್ರಲಿಪಿಯೇ?

ಬಿಡದಿ ಓದುಗ

ಎಲ್ಲರಿಗೂ ನಮಸ್ಕಾರ. ಕೆಲಸದ ಸಲುವಾಗಿ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಜಪಾನೀಯರು ಚೀನಾದಿಂದ ಪಡೆದ ಅಕ್ಷರಗಳಿಗೆ ಕಾಂಜಿ ಎನ್ನುತ್ತಾರೆ. ಅವುಗಳ ಪಾಠ ಈಗಷ್ಟೇ ಶುರುವಾಗಿದೆ. ಅದರಲ್ಲಿ ಒಂದು ಅಕ್ಷರ ಹೀಗಿದೆ: ಒಂದು ಚೌಕ, ಅದರೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಬದು ಹಾಕಿ ನಾಲ್ಕು ತಾಕು ಮಾಡಿದ ಭೂಮಿಯೇ ಕಣ್ಣಿಗೆ ಬೀಳುತ್ತದೆ. ಇದರ ಅರ್ಥ ಗದ್ದೆ ಎಂದು ನಮ್ಮ ಶಿಕ್ಷಕಿ ಹೇಳಿದರು. ಜೊತೆಗೆ ಕೆಲಸ ಮಾಡುವ ಚೀನಾದವರನ್ನು ಕೇಳಿದರೆ, ಬೆಳೆ ಬೆಳೆಯುವ ಯಾವ ಭೂಮಿಯಾದರೂ ಸರಿ ಎಂದರು. ಕೊರಿಯಾದ ಒಬ್ಬರು, ಅದು ಗದ್ದೆ ಅಲ್ಲವೇ ಅಲ್ಲ, ನೀರಿಲ್ಲದ ಹೊಲ ಎಂದು ಖಡಾಖಂಡಿತವಾಗಿ ಹೇಳಿದರು. ಯಾರ ಮಾತು ಸರಿ?

ಇನ್ನೊಂದು ಪ್ರಶ್ನೆಯೂ ಇದೆ. ವಾಟ್ಸ್ಆ್ಯಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಮರದ ಹಿಂದೆ ಸೂರ್ಯ ಇದ್ದರೆ 'ಪೂರ್ವ', ಸೂರಿನ ಕೆಳಗೆ ಹೆಣ್ಣು ಇದ್ದರೆ 'ನೆಮ್ಮದಿ', ಹೆಣ್ಣಿನ ಪಕ್ಕ ಮಗು ಇದ್ದರೆ 'ಒಳ್ಳೆಯದು'. ಓದಲು ಸೊಗಸಾಗಿದೆ. ಸಾವಿರಾರು ಅಕ್ಷರಗಳೂ ಹೀಗೆ ಚಿತ್ರಗಳಿಂದಲೇ ಆದವೇ? ಬಲ್ಲವರು ತಿಳಿಸಬೇಕು.

ಒಸಾಕಾ ಕನ್ನಡತಿ

ಮೂವರೂ ಹೇಳಿದ್ದು ಸರಿ. ಜಪಾನಿನ ಸಂಗತಿಯನ್ನು ನಾನು ಹೇಳುತ್ತೇನೆ.

ಇಲ್ಲಿ ಆ ಅಕ್ಷರಕ್ಕೆ ಎರಡು ಓದು. ಜಪಾನಿ ಮಾತಿನಲ್ಲಿ 'ತಾ', ಚೀನಾದಿಂದ ಬಂದ ಉಚ್ಚಾರದಲ್ಲಿ 'ದೆನ್'. 'ತಾ' ಎಂದರೆ ನೀರು ನಿಲ್ಲಿಸಿ ನಾಟಿ ಮಾಡುವ ಭತ್ತದ ಗದ್ದೆಯೇ. ಶತಮಾನಗಳ ಕಾಲ ಇಲ್ಲಿ ಕಂದಾಯವನ್ನೂ ಅಕ್ಕಿಯಲ್ಲೇ ಅಳೆಯುತ್ತಿದ್ದರು. ಭೂಮಿ ಎಂದೊಡನೆ ಗದ್ದೆ ನೆನಪಾಗುವುದು ಸಹಜ. ಆದರೆ ಮೂಲಂಗಿ, ಸೋಯಾ, ಎಳ್ಳು ಬೆಳೆಯುವ ಒಣಭೂಮಿಯೂ ಇತ್ತಲ್ಲ. ಅದಕ್ಕೆ 'ಹತಾಕೆ' ಎಂಬ ಮಾತಿತ್ತು, ಬರೆಯಲು ಅಕ್ಷರ ಇರಲಿಲ್ಲ. ಆಗ ಗದ್ದೆಯ ಅಕ್ಷರದ ಎಡಕ್ಕೆ 'ಬೆಂಕಿ'ಯನ್ನು ಸೇರಿಸಿ ಹೊಸ ಅಕ್ಷರವನ್ನೇ ಮಾಡಿಕೊಂಡರು. ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯ ಆ ಬೆಂಕಿಯಲ್ಲಿದೆ. ನಮ್ಮ ಮಲೆನಾಡಿನವರು ಅದನ್ನೇ ಕುಮರಿ ಎನ್ನುವುದು. ಇದೇ ಅರ್ಥಕ್ಕೆ ಇನ್ನೊಂದು ಅಕ್ಷರವೂ ಇದೆ: ಮೇಲೆ 'ಬಿಳಿ', ಕೆಳಗೆ 'ಗದ್ದೆ'. ನೀರಿಲ್ಲದೆ ಒಣಗಿದ ನೆಲ. ಇವೆರಡೂ ಇಂದಿಗೂ ಜನರ ಮನೆತನದ ಹೆಸರುಗಳಲ್ಲಿ ಬಳಕೆಯಲ್ಲಿವೆ.

ಜಪಾನಿನಲ್ಲೇ ಹುಟ್ಟಿದ ಇಂಥ ಅಕ್ಷರಗಳಿಗೆ 'ಕೊಕುಜಿ' ಎಂದು ಹೆಸರು. ನನಗೆ ತುಂಬ ಇಷ್ಟವಾದದ್ದು 'ತೋಗೆ'. ಎಡಕ್ಕೆ 'ಬೆಟ್ಟ', ಬಲಕ್ಕೆ ಒಂದರ ಕೆಳಗೊಂದು 'ಮೇಲೆ' ಮತ್ತು 'ಕೆಳಗೆ'. ಬೆಟ್ಟದಲ್ಲಿ ಹತ್ತುವುದು ಮುಗಿದು ಇಳಿಯುವುದು ಶುರುವಾಗುವ ಜಾಗ, ಅಂದರೆ ಘಾಟಿಯ ನೆತ್ತಿ.

ಮನೆತನಗಳ ಹೆಸರು ನೋಡಿದರೆ ಗದ್ದೆಯೋ ಗದ್ದೆ. ತನಕಾ ಎಂದರೆ ಗದ್ದೆಯ ನಡುವೆ, ಯಮದಾ ಎಂದರೆ ಬೆಟ್ಟದ ಗದ್ದೆ. ಹೋಂಡಾದಲ್ಲಿರುವ 'ಡಾ' ಕೂಡ ಇದೇ ಗದ್ದೆ. ನಿಮ್ಮ ಬಿಡದಿಯ ಕಾರ್ಖಾನೆಯ ಹೆಸರೂ ಅಷ್ಟೇ. ಸ್ಥಾಪಕರ ಮನೆತನ ಟೊಯೊಡಾ, ಎಂದರೆ ಹುಲುಸಾದ ಗದ್ದೆ. 1937ರಲ್ಲಿ ಕಂಪನಿಗೆ ಹೆಸರಿಡುವಾಗ ಅದು ಟೊಯೊಟಾ ಆಯಿತು. ಕಾತಾಕಾನಾ ಎಂಬ ಜಪಾನಿನ ಉಚ್ಚಾರಲಿಪಿಯಲ್ಲಿ ಬರೆದರೆ ಅದಕ್ಕೆ ಎಂಟೇ ಗೆರೆ ಸಾಕು, ಎಂಟು ಇಲ್ಲಿ ಶುಭಸಂಖ್ಯೆ. ಚೀನಾಕ್ಕೆ ಹೋದರೆ ಅದೇ ಮನೆತನದ ಎರಡು ಅಕ್ಷರಗಳನ್ನು ತಮ್ಮ ಉಚ್ಚಾರದಲ್ಲಿ ಓದಿ ಆ ಕಾರನ್ನು 'ಫೆಂಗ್‌ಥ್ಯೆನ್' ಎನ್ನುತ್ತಾರೆ. ಹೋಂಡಾ ಅಲ್ಲಿ 'ಬೆನ್‌ಥ್ಯೆನ್'.

ಇನ್ನೊಂದು ಮಾತು. ಫ್ಯುಜಿ-ಸಾನ್ ಎನ್ನುವಾಗಿನ 'ಸಾನ್' ಗೌರವದ 'ಸಾನ್' ಎಂದು ನಮ್ಮವರು ಅನೇಕರು ತಿಳಿದಿದ್ದಾರೆ. ಅದು 'ಬೆಟ್ಟ' ಎಂಬ ಅಕ್ಷರದ ಚೀನೀ ಓದು. ಅದೇ ಅಕ್ಷರವನ್ನು ಜಪಾನಿ ಮಾತಿನಲ್ಲಿ ಓದಿದರೆ 'ಯಮಾ'.

ದೇಜಾನ್ ವಿದ್ಯಾರ್ಥಿ

ಕೊರಿಯಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಈ ಅಕ್ಷರಗಳಿಗೆ ಹಾಂಜಾ ಎನ್ನುತ್ತಾರೆ. ಅಕ್ಷರವನ್ನು ಹೆಸರಿಸುವಾಗ ಮೊದಲು ಕೊರಿಯಾದ ಮಾತು, ಆಮೇಲೆ ಚೀನೀ ಮೂಲದ ಓದು, ಎರಡನ್ನೂ ಜೋಡಿಸಿ ಹೇಳುವುದು ವಾಡಿಕೆ. ಚೌಕದ ಈ ಅಕ್ಷರ ಇಲ್ಲಿ 'ಬಾತ್ ಜೊನ್'. ಬಾತ್ ಎಂದರೆ ಒಣಬೇಸಾಯದ ಹೊಲ. ಆದ್ದರಿಂದ ನಿಮಗೆ ಹೇಳಿದವರು ಅಷ್ಟು ಖಡಾಖಂಡಿತವಾಗಿ ಹೇಳಿದ್ದು.

ಹಾಗಾದರೆ ಗದ್ದೆಗೆ? ಕೊರಿಯನ್ನರೂ ಹೊಸ ಅಕ್ಷರ ಕಟ್ಟಿದರು. ಮೇಲೆ 'ನೀರು', ಅದರ ಕೆಳಗೆ 'ಹೊಲ'. ಓದು 'ದಾಪ್'. ಕ್ರಿ.ಶ. 561ರಲ್ಲಿ ಸಿಲ್ಲಾ ರಾಜ್ಯದ ಅರಸ ಚಿನ್‌ಹುಂಗ್ ಚಾಂಗ್ನ್ಯೊಂಗ್ ಎಂಬಲ್ಲಿ ಹಾಕಿಸಿದ ಕಲ್ಲಿನ ಶಾಸನದಲ್ಲಿ ಇದು ಸಿಗುತ್ತದೆ. ಜಪಾನಿನವರು ಚೌಕವನ್ನು ಗದ್ದೆ ಎಂದುಕೊಂಡು ಒಣಭೂಮಿಗೆ ಬೆಂಕಿ ಸೇರಿಸಿದರು. ಕೊರಿಯನ್ನರು ಚೌಕವನ್ನು ಹೊಲ ಎಂದುಕೊಂಡು ಗದ್ದೆಗೆ ನೀರು ಸೇರಿಸಿದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿರುವಿ ಹಾಕಿದಂತೆ.

ಇಲ್ಲಿನ ಸ್ವಂತ ಅಕ್ಷರಗಳಲ್ಲಿ ಇನ್ನೊಂದನ್ನು ನೀವು ಕೇಳಿರುತ್ತೀರಿ. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂನ ಎದುರು ಗೋ ಎಂಬ ಹಲಗೆಯಾಟ ಆಡಿ ಐದರಲ್ಲಿ ಒಂದು ಆಟ ಗೆದ್ದ ಲೀ ಸೆಡೋಲ್ ಇದ್ದಾರಲ್ಲ, ಅವರ ಹೆಸರಿನ ಕೊನೆಯ 'ಡೋಲ್'. ಕೊರಿಯನ್ ಭಾಷೆಯಲ್ಲಿ ಅದಕ್ಕೆ ಕಲ್ಲು ಎಂದು ಅರ್ಥ. ಈ ಉಚ್ಚಾರಕ್ಕೆ ಚೀನೀ ಅಕ್ಷರ ಇಲ್ಲ. ಅದಕ್ಕೆ ಮೇಲೆ 'ಕಲ್ಲು' ಬರೆದು, ಕೆಳಗೆ 'ಉಲ್' ಎಂದು ಓದುವ ಇನ್ನೊಂದು ಅಕ್ಷರವನ್ನು ಕೂಡಿಸಿದರು. ಮೇಲಿನದು ಅರ್ಥ ಕೊಟ್ಟಿತು, ಕೆಳಗಿನದು ಕೊನೆಯ 'ಲ್' ಕೊಟ್ಟಿತು. ಚೀನಾದ ಪತ್ರಿಕೆಗಳು ಈ ಅಕ್ಷರದ ಬದಲು ಬರಿಯ 'ಕಲ್ಲು' ಬರೆದು ಅವರನ್ನು 'ಲಿ ಶಿಷಿ' ಎನ್ನುತ್ತವೆ.

ಪಹಣಿ ಬರೆದ ಕೈ

ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು, ಲಿಪಿಗಳ ಬಗ್ಗೆ ಹೆಚ್ಚು ತಿಳಿಯದು. ಆದರೆ ಈ ಚರ್ಚೆ ಓದಿ ಕಣ್ಣು ಅರಳಿತು. ನಾವು ಪಹಣಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಎಂದು ಬರೆಯುತ್ತಿದ್ದೆವು. ತರಿ, ಖುಷ್ಕಿ ಎರಡೂ ಪಾರಸಿಯಿಂದ ಬಂದ ಮಾತುಗಳು. ಅದಕ್ಕೂ ಹಿಂದಿನ ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಯನ್ನು ಗದ್ದೆ, ಬೆದ್ದಲು ಎಂದು ಬೇರೆಬೇರೆಯಾಗಿಯೇ ನಮೂದಿಸಿದ್ದಾರೆ. ಕಂದಾಯ ಹಾಕುವವನಿಗೆ ನೀರಿನ ಭೂಮಿಯೋ ಮಳೆಯ ಭೂಮಿಯೋ ಎಂಬುದು ತಿಳಿಯದೆ ಕೆಲಸ ನಡೆಯುವುದಿಲ್ಲ. ಹಾಗಿರುವಾಗ ಚೀನಾದವರು ಎರಡಕ್ಕೂ ಒಂದೇ ಅಕ್ಷರ ಹೇಗೆ ಇಟ್ಟುಕೊಂಡರು?

ಲಿಪಿಮೋಹಿ

ಲೆಕ್ಕಿಗರ ಪ್ರಶ್ನೆ ತುಂಬ ಒಳ್ಳೆಯದು, ಅದರಿಂದಲೇ ಶುರು ಮಾಡುತ್ತೇನೆ.

ಈ ಲಿಪಿ ನಮಗೆ ಮೊದಲು ಸಿಗುವುದು ಉತ್ತರ ಚೀನಾದಲ್ಲಿ, ಹಳದಿ ನದಿಯ ಬಯಲಿನಲ್ಲಿ. ಅದು ಮುಖ್ಯವಾಗಿ ನವಣೆ, ಬರಗು ಬೆಳೆಯುತ್ತಿದ್ದ ನಾಡು. ಭತ್ತದ ಸೀಮೆ ಇರುವುದು ದಕ್ಷಿಣಕ್ಕೆ, ಯಾಂಗ್ತ್ಸೆ ನದಿಯ ಕಡೆಗೆ. ಚೌಕವನ್ನು ಮೊದಲು ಕೆತ್ತಿದವರ ಕಣ್ಣ ಮುಂದೆ ಇದ್ದದ್ದು ಬಹುತೇಕ ಮಳೆಯಾಶ್ರಿತ ಹೊಲ. ಆ ಕಾಲದಲ್ಲಿ ಅದೇ ಅಕ್ಷರಕ್ಕೆ ಬೇಟೆ ಎಂಬ ಅರ್ಥವೂ ಇತ್ತು. 'ಧಾನ್ಯ'ದ ಅಕ್ಷರವೂ ತೆನೆ ಬಾಗಿದ ನವಣೆಯ ದಂಟಿನ ಚಿತ್ರ. ಒಬ್ಬ ಮನುಷ್ಯ ಆ ತೆನೆಯನ್ನು ಹೊತ್ತರೆ 'ಸುಗ್ಗಿ'. ಅದೇ ಮುಂದೆ 'ವರ್ಷ' ಎಂಬ ಅಕ್ಷರವಾಯಿತು. ಚೀನಾದವರು ಗದ್ದೆಗೆ ಪ್ರತ್ಯೇಕ ಅಕ್ಷರ ಕಟ್ಟದೆ 'ನೀರು' ಮತ್ತು 'ಹೊಲ' ಎಂಬ ಎರಡು ಅಕ್ಷರಗಳನ್ನು ಪಕ್ಕಪಕ್ಕದಲ್ಲಿ ಬರೆದು ಕೆಲಸ ನಡೆಸಿದರು.

ಈಗ ಬಿಡದಿಯವರ ಎರಡನೆಯ ಪ್ರಶ್ನೆ. ಚಿತ್ರಗಳು ಇದ್ದದ್ದು ನಿಜ. ಆದರೆ ಬರಿಯ ಚಿತ್ರದಿಂದ ಆದ ಅಕ್ಷರಗಳು ತೀರ ಕಡಿಮೆ. ಈ ಲಿಪಿಯ ಬೆನ್ನೆಲುಬು ಉಚ್ಚಾರ. ಅದನ್ನು ಬಿಟ್ಟರೆ ಬಹುಪಾಲು ಅಕ್ಷರಗಳ ಚರಿತ್ರೆ ಬಿಡಿಸಲು ಬರುವುದಿಲ್ಲ ಎಂದೇ ಹೇಳುತ್ತೇನೆ.

ಹಿನ್ನೆಲೆ ಸ್ವಲ್ಪ ತಿಳಿಯೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ ಔಷಧಿ ಅಂಗಡಿಗಳಲ್ಲಿ 'ಡ್ರ್ಯಾಗನ್ ಎಲುಬು' ಎಂಬ ಹಳೆಯ ಮೂಳೆಗಳನ್ನು ಪುಡಿ ಮಾಡಿ ಮಾರುತ್ತಿದ್ದರು. 1899ರಲ್ಲಿ ವಾಂಗ್ ಯಿರೋಂಗ್ ಎಂಬ ವಿದ್ವಾಂಸ ಅಂಥ ಮೂಳೆಗಳ ಮೇಲಿನ ಗೀರುಗಳು ಪ್ರಾಚೀನ ಬರಹ ಎಂದು ಗುರುತಿಸಿದರು. ಮೂಲ ಹುಡುಕುತ್ತ ಹೋದಾಗ ಹೆನಾನ್ ಪ್ರಾಂತದ ಆನ್ಯಾಂಗ್ ಸಿಕ್ಕಿತು. 1928ರಿಂದ ಅಲ್ಲಿ ಉತ್ಖನನ ನಡೆಯಿತು. ಅದು ಶಾಂಗ್ ಅರಸರ ಕೊನೆಯ ರಾಜಧಾನಿ, ಬರಹ ಸುಮಾರು ಕ್ರಿ.ಪೂ. 1200ರ ಕಾಲದ್ದು. ಎತ್ತಿನ ಹೆಗಲ ಮೂಳೆ, ಆಮೆಯ ಹೊಟ್ಟೆಯ ಚಿಪ್ಪು ಇವೇ ಅವರ ಕಾಗದ. ಹಿಂಬದಿಯಲ್ಲಿ ಸಣ್ಣ ಗುಳಿ ಕೊರೆದು ಕಾವು ತಾಗಿಸಿದರೆ ಮುಂಬದಿಯಲ್ಲಿ ಬಿರುಕು ಮೂಡುತ್ತದೆ. ಉದ್ದಕ್ಕೆ ಒಂದು ಬಿರುಕು, ಅದರ ನಡುವಿನಿಂದ ಪಕ್ಕಕ್ಕೆ ಒಂದು ಚಿಕ್ಕ ಕವಲು. ಮಳೆ ಬರುತ್ತದೆಯೇ, ಯುದ್ಧಕ್ಕೆ ಹೋಗಬಹುದೇ, ರಾಣಿಗೆ ಹೆರಿಗೆ ಸುಸೂತ್ರವಾಗುತ್ತದೆಯೇ ಎಂದು ಆ ಬಿರುಕಿನಲ್ಲಿ ಶಕುನ ನೋಡುತ್ತಿದ್ದರು. ಪ್ರಶ್ನೆಯನ್ನು ಪಕ್ಕದಲ್ಲೇ ಕೆತ್ತುತ್ತಿದ್ದರು. 'ಶಕುನ ಕೇಳು' ಎಂಬ ಅಕ್ಷರವನ್ನು ಇಂದೂ ಒಂದು ಉದ್ದಗೆರೆ, ಅದಕ್ಕೊಂದು ಕವಲು ಹಾಕಿಯೇ ಬರೆಯುತ್ತಾರೆ. ಮೂರು ಸಾವಿರ ವರ್ಷದ ಹಿಂದಿನ ಬಿರುಕು ಇಂದಿನ ಮೊಬೈಲಿನಲ್ಲೂ ಟೈಪ್ ಆಗುತ್ತದೆ!

ಆ ಮೂಳೆಗಳಲ್ಲಿ ಕುದುರೆ, ಹಂದಿ, ನಾಯಿ ಎಲ್ಲ ನೆಟ್ಟಗೆ ನಿಂತಿರುತ್ತವೆ. ತಲೆ ಮೇಲೆ, ಬಾಲ ಕೆಳಗೆ, ಕಾಲುಗಳು ಪಕ್ಕಕ್ಕೆ. ಬಿದಿರಿನ ಕಿರಿದಾದ ಪಟ್ಟಿಗಳ ಮೇಲೆ ಮೇಲಿನಿಂದ ಕೆಳಕ್ಕೆ ಬರೆಯುವ ರೂಢಿ ಆಗಲೇ ಇತ್ತು, ಪ್ರಾಣಿಗಳನ್ನು ಅದಕ್ಕೆ ಹೊಂದುವಂತೆ ತಿರುಗಿಸಿದರು ಎಂದು ವಿದ್ವಾಂಸರು ವಿವರಿಸುತ್ತಾರೆ.

ಈಗ 'ಪೂರ್ವ'ಕ್ಕೆ ಬರೋಣ. ಕ್ರಿ.ಶ. 100ರಲ್ಲಿ ಶು ಶೆನ್ ಎಂಬ ಪಂಡಿತ 9,353 ಅಕ್ಷರಗಳನ್ನು 540 ವರ್ಗಗಳಲ್ಲಿ ವಿಂಗಡಿಸಿ ನಿಘಂಟು ಬರೆದು ಮುಗಿಸಿದ. ಮರದ ಹಿಂದೆ ಸೂರ್ಯ ಎಂಬ ವಿವರಣೆ ಅದರಲ್ಲಿದೆ. ಆತ ಮಹಾ ಪಂಡಿತ, ಅನುಮಾನವಿಲ್ಲ. ಆದರೆ ಆತನ ಕಾಲಕ್ಕೆ ಶಾಂಗ್ ಮೂಳೆಗಳು ಮಣ್ಣಿನಡಿ ಸೇರಿ ಸಾವಿರ ವರ್ಷ ದಾಟಿತ್ತು. ಮೂಳೆಗಳಲ್ಲಿ ಆ ಅಕ್ಷರ ಎರಡೂ ತುದಿಗೆ ಹಗ್ಗ ಬಿಗಿದ ಮೂಟೆಯ ಹಾಗಿದೆ. ಅದರಲ್ಲಿ ಮರವೂ ಇಲ್ಲ, ಸೂರ್ಯನೂ ಇಲ್ಲ. ದಿಕ್ಕನ್ನು ಚಿತ್ರಿಸುವುದು ಕಷ್ಟ. ಆದ್ದರಿಂದ ಅದೇ ಉಚ್ಚಾರದ ಇನ್ನೊಂದು ಮಾತಿನ ಚಿತ್ರವನ್ನು ಎರವಲು ತಂದರು.

ಈ ಎರವಲಿಗೆ ಅತ್ಯುತ್ತಮ ಉದಾಹರಣೆ 'ಬಾ' ಎಂಬ ಕ್ರಿಯೆ. ಇಂದು 'ಲಾಯ್' ಎಂದು ಓದುವ ಆ ಅಕ್ಷರ ಮೂಲದಲ್ಲಿ ಗೋಧಿಯ ಪೈರಿನ ಚಿತ್ರ. ಬರುವುದನ್ನು ಚಿತ್ರಿಸುವ ಬದಲು, ಉಚ್ಚಾರದಲ್ಲಿ ಹತ್ತಿರವಿದ್ದ ಗೋಧಿಯನ್ನೇ ಬರೆದರು. ಎರವಲು ತಂದದ್ದು ಕಾಯಂ ಆಯಿತು. ಗೋಧಿಗೆ ಬೇರೆ ಅಕ್ಷರ ಬೇಕಾಗಿ, ಅದೇ ಪೈರಿನ ಕೆಳಗೆ ಒಂದು ಹೆಜ್ಜೆಯನ್ನು ಸೇರಿಸಿ ಬರೆದರು. 'ತಾನು' ಎಂಬ ಅಕ್ಷರ ಮೂಗಿನ ಚಿತ್ರ. 'ನಾನು' ಎನ್ನುವಾಗ ಚೀನೀಯರು ಮೂಗಿನ ಕಡೆ ಬೆರಳು ತೋರಿಸುವುದುಂಟು. ಮೂಗಿನ ಅಕ್ಷರಕ್ಕೆ ಆಮೇಲೆ ಕೆಳಗೆ ಉಚ್ಚಾರ ತಿಳಿಸುವ ಭಾಗ ಸೇರಿತು.

ಇದಕ್ಕಿಂತ ದೊಡ್ಡ ಗುಂಪು ಅರ್ಥ ಒಂದು ಕಡೆ, ಉಚ್ಚಾರ ಒಂದು ಕಡೆ ಇರುವ ಜೋಡಿ ಅಕ್ಷರಗಳದ್ದು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಅಕ್ಷರಗಳು ಹೀಗೆಯೇ ಆದವು. 'ಅಮ್ಮ' ಎಂಬುದಕ್ಕೆ 'ಹೆಣ್ಣು' ಮತ್ತು 'ಕುದುರೆ' ಸೇರಿಸಿ ಬರೆಯುತ್ತಾರೆ. ಅಲ್ಲಿ ಕುದುರೆಗೆ ಕೆಲಸ ಒಂದೇ: 'ಮಾ' ಎಂಬ ಉಚ್ಚಾರ ಕೊಡುವುದು. ಅಮ್ಮ ಮನೆಗಾಗಿ ಕುದುರೆಯಂತೆ ದುಡಿಯುತ್ತಾಳೆ ಎಂದು ಕಥೆ ಕಟ್ಟಿದವರೂ ಇದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ಸೂರಿನ ಕೆಳಗೆ ಹೆಣ್ಣು, ಹೆಣ್ಣಿನ ಪಕ್ಕ ಮಗು ಎಂಬ ಚಿತ್ರಗಳು ಮೂಳೆಗಳಲ್ಲಿ ಹಾಗೆಯೇ ಇವೆ, ಅದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಅಂಟಿಸುವ ಗೃಹಶಾಂತಿಯ ಉಪದೇಶ ನಂತರದವರದು.

ಹೈಸ್ಕೂಲು ಮೇಷ್ಟ್ರು

ಲಿಪಿಮೋಹಿಯವರೇ, ಮಾಹಿತಿಗೆ ಧನ್ಯವಾದ. ಆದರೆ ಒಂದು ಆಕ್ಷೇಪ ಇದೆ. ಕಥೆಗಳನ್ನು ಹೀಗೆ ತಳ್ಳಿಹಾಕಬಾರದು. ಕಲಿಯುವವನ ತಲೆಯಲ್ಲಿ ಅಕ್ಷರ ನಿಲ್ಲುವುದು ಕಥೆಯಿಂದ. ಅಷ್ಟೇ ಅಲ್ಲ, ಎರಡು ಸಾವಿರ ವರ್ಷ ಚೀನೀಯರೇ ನಂಬಿಕೊಂಡು ಬಂದ ವಿವರಣೆಯನ್ನು ಒಂದು ಮೂಳೆ ಸಿಕ್ಕಿತೆಂದು ಸುಳ್ಳು ಎನ್ನುವುದು ಸರಿಯೇ? ಜನ ಒಂದು ಅಕ್ಷರವನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದೂ ಅದರ ಚರಿತ್ರೆಯ ಭಾಗ ಅಲ್ಲವೇ?

ಲಿಪಿಮೋಹಿ

ಮೇಷ್ಟ್ರೇ, ನಿಮ್ಮ ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ನಾನೇ ಒಂದು ಪುರಾವೆ ಕೊಡುತ್ತೇನೆ. 'ಪರಾಕ್ರಮ' ಎಂಬ ಅಕ್ಷರದಲ್ಲಿ ಎರಡು ಭಾಗ ಇವೆ. ಒಂದು ಕೊಡಲಿಯಂತೆ ಹಿಡಿ ಇರುವ ಆಯುಧ, ಇನ್ನೊಂದಕ್ಕೆ ಇಂದಿನ ಅರ್ಥ 'ನಿಲ್ಲಿಸು'. ಕ್ರಿ.ಪೂ. 597ರಲ್ಲಿ ಬಿ ಎಂಬಲ್ಲಿ ಯುದ್ಧ ಗೆದ್ದ ಛು ದೇಶದ ಅರಸ ಛ್ವಾಂಗ್, ಆಯುಧವನ್ನು ನಿಲ್ಲಿಸುವುದೇ ಪರಾಕ್ರಮ ಎಂದನಂತೆ. 'ತ್ಸೊ ಚ್ವಾನ್' ಎಂಬ ಪ್ರಾಚೀನ ಇತಿಹಾಸ ಗ್ರಂಥದಲ್ಲಿ ಈ ಮಾತು ದಾಖಲಾಗಿದೆ. ಜಪಾನಿನ ಯುದ್ಧಕಲೆಗಳನ್ನು ಕಲಿಸುವವರು ಇಂದಿಗೂ ಇದನ್ನು ಹೇಳುತ್ತಾರೆ. ಆದರೆ 'ನಿಲ್ಲಿಸು' ಎಂಬ ಆ ಭಾಗ ಮೂಲದಲ್ಲಿ ಪಾದದ ಚಿತ್ರ. ಆಯುಧ ಹಿಡಿದು ಹೆಜ್ಜೆ ಹಾಕುವ ಸೈನ್ಯವೇ ಆ ಅಕ್ಷರ. ಅರಸನ ಮಾತು ದೊಡ್ಡದು, ಅದು ಜನರ ಮನಸ್ಸನ್ನು ತಿದ್ದಿರಬಹುದು. ಅಕ್ಷರ ಹುಟ್ಟಿದ್ದು ಮಾತ್ರ ಅದರಿಂದಲ್ಲ. ಎರಡನ್ನೂ ಪಾಠದಲ್ಲಿ ಹೇಳಿ, ಯಾವುದು ಯಾವ ಕಾಲದ್ದು ಎಂಬುದನ್ನೂ ಹೇಳಿ. ನನ್ನ ಕೋರಿಕೆ ಅಷ್ಟೇ.

ಹೈಸ್ಕೂಲು ಮೇಷ್ಟ್ರು

ಹಾಗಾದರೆ ನಮ್ಮಿಬ್ಬರಿಗೂ ಜಗಳವಿಲ್ಲ. ಆದರೂ ಮೊದಲ ವಾರದ ಮಕ್ಕಳಿಗೆ ಮರದ ಹಿಂದಿನ ಸೂರ್ಯನನ್ನೇ ತೋರಿಸುತ್ತೇನೆ. ಮೂಟೆಯನ್ನು ಆಮೇಲೆ ಬಿಚ್ಚೋಣ.

ತರಬೇತಿ ವಿಭಾಗ

ನಮ್ಮ ಕಚೇರಿಯ ತರಬೇತಿಗಳಲ್ಲಿ, ಚೀನೀ ಭಾಷೆಯಲ್ಲಿ ಬಿಕ್ಕಟ್ಟು ಎಂದರೆ 'ಅಪಾಯ' ಮತ್ತು 'ಅವಕಾಶ' ಎಂಬ ಎರಡು ಅಕ್ಷರ ಎಂದು ಪ್ರತಿ ಬಾರಿ ಹೇಳುತ್ತಾರೆ. ಇದಾದರೂ ನಿಜವೇ?

ಒಸಾಕಾ ಕನ್ನಡತಿ

ಅರ್ಧ ಮಾತ್ರ. ಜಾನ್ ಕೆನಡಿ ತಮ್ಮ ಭಾಷಣಗಳಲ್ಲಿ ಬಳಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹಬ್ಬಿತು. ಮೊದಲ ಅಕ್ಷರ ಅಪಾಯವೇ. ಎರಡನೆಯದು ಇಲ್ಲಿ ನಿರ್ಣಾಯಕ ಗಳಿಗೆ, ಎತ್ತಲಾದರೂ ಹೊರಳಬಹುದಾದ ಘಟ್ಟ. ಬೇರೆ ಅಕ್ಷರದ ಜೊತೆ ಸೇರಿದಾಗ ಅದು ಅವಕಾಶ ಎಂಬ ಅರ್ಥ ಕೊಡುತ್ತದೆ. ಹಾಗೆಯೇ 'ಹಾರು' ಎಂಬುದರ ಜೊತೆ ಸೇರಿ ಚೀನಾದಲ್ಲಿ ವಿಮಾನವಾಗುತ್ತದೆ, ಅಲ್ಲಿ ಅದಕ್ಕೆ ಯಂತ್ರ ಎಂದು ಅರ್ಥ. ಅಪಾಯದ ಗಳಿಗೆ ಎಂದು ಹೇಳಿದರೆ ನಿಮ್ಮ ತರಬೇತಿಯ ವಿಷಯಕ್ಕೂ ಅದು ಚೆನ್ನಾಗಿಯೇ ಹೊಂದುತ್ತದೆ.

ಪಾಳಿ ಓದುವವಳು

ಉಚ್ಚಾರವೇ ಬೆನ್ನೆಲುಬು ಎಂದು ಲಿಪಿಮೋಹಿಯವರು ಬರೆದಿದ್ದಾರೆ. ಅದಕ್ಕೆ ನಮ್ಮ ಕಡೆಯ ಸಾಕ್ಷಿ ಸೇರಿಸುತ್ತೇನೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತರುವಾಗ ನೂರಾರು ಭಾರತೀಯ ಪದಗಳನ್ನು ಈ ಅಕ್ಷರಗಳಲ್ಲಿ ಹಿಡಿದಿಡಬೇಕಾಯಿತು.

ಮಲ್ಲಿಗೆಯನ್ನೇ ನೋಡಿ. ಸಂಸ್ಕೃತದ 'ಮಲ್ಲಿಕಾ' ಚೀನಾದಲ್ಲಿ 'ಮೋ ಲಿ' ಆಯಿತು. ಬರೆಯಲು ಎರಡು ಅಕ್ಷರ. ಎರಡರ ನೆತ್ತಿಯ ಮೇಲೂ ಗಿಡಮೂಲಿಕೆಗಳಿಗೆ ಹಾಕುವ ಹುಲ್ಲಿನ ಗುರುತು ಇದೆ. ಅದರ ಕೆಳಗೆ ಒಂದರಲ್ಲಿ 'ಮೋ' ಎಂದು ಓದುವ ಭಾಗ, ಇನ್ನೊಂದರಲ್ಲಿ 'ಲಿ' ಎಂದು ಓದುವ ಭಾಗ. ಇದು ಒಂದು ಗಿಡ, ಇದರ ಹೆಸರು ಮೋ ಲಿ ಎಂದಷ್ಟೇ ಆ ಅಕ್ಷರಗಳು ಹೇಳುತ್ತವೆ.

'ಮಾರ'ನದು ಇನ್ನೂ ಸ್ವಾರಸ್ಯ. ಬುದ್ಧನ ತಪಸ್ಸು ಕೆಡಿಸಲು ಬಂದ ಮಾರನಿಗಾಗಿ 'ದೆವ್ವ' ಎಂಬುದರ ಮೇಲೆ 'ಮಾ' ಉಚ್ಚಾರದ ಸೆಣಬಿನ ಅಕ್ಷರವನ್ನು ಇಟ್ಟು ಹೊಸ ಅಕ್ಷರ ಮಾಡಿದರು. ಜಪಾನಿ ಕಾರ್ಟೂನುಗಳಲ್ಲಿ ಮಕ್ಕಳು ಕೇಳುವ 'ಅಕುಮಾ', ಅಂದರೆ ಪಿಶಾಚಿ, ಅದರ ಕೊನೆಯ 'ಮಾ' ಈ ಮಾರನೇ.

ಬುದ್ಧನ ಹೆಸರಿನ ಅಕ್ಷರವನ್ನು ಬೀಜಿಂಗ್‌ನಲ್ಲಿ 'ಫೋ' ಎನ್ನುತ್ತಾರೆ, ಕ್ಯಾಂಟನ್ ಕಡೆ 'ಫಾತ್', ವಿಯೆಟ್ನಾಮಿನಲ್ಲೂ 'ಫತ್' ಎಂಬಂತೆ ಕೇಳುತ್ತದೆ, ಜಪಾನಿನಲ್ಲಿ 'ಬುತ್ಸು', ಕೊರಿಯಾದಲ್ಲಿ 'ಬುಲ್'. 'ಬುದ್' ಎಂಬ ನಮ್ಮ ಮೂಲಕ್ಕೆ ಬೀಜಿಂಗಿನದು ಎಲ್ಲಕ್ಕಿಂತ ದೂರ. ಪದದ ಕೊನೆಯ ಪ್, ತ್, ಕ್ ಉಚ್ಚಾರಗಳು ಉತ್ತರ ಚೀನಾದಲ್ಲಿ ಕಾಲಕ್ರಮೇಣ ಅಳಿದವು. ಚೀನಾದ ತಾಂಗ್ ಅರಸರ ಕಾಲದಲ್ಲೂ (ಏಳರಿಂದ ಹತ್ತನೆಯ ಶತಮಾನ) ಅದಕ್ಕೆ ಮೊದಲೂ ಪದಗಳನ್ನು ಒಯ್ದ ನೆರೆನಾಡುಗಳಲ್ಲಿ ಉಳಿದವು. ಕೊರಿಯಾದಲ್ಲಿ 'ತ್' ಇರಬೇಕಾದಲ್ಲೆಲ್ಲ 'ಲ್' ಬರುತ್ತದೆ.

ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಷುವಾನ್‌ಜಾಂಗ್, ಅಂದರೆ ಹ್ಯುಯೆನ್ ತ್ಸಾಂಗ್, 645ರಲ್ಲಿ ಊರಿಗೆ ಮರಳಿದ ಮೇಲೆ ಉಳಿದ ಆಯುಷ್ಯವನ್ನು ಅನುವಾದಕ್ಕೇ ಮೀಸಲಿಟ್ಟರು. ಯಾವ ಪದವನ್ನು ಅನುವಾದಿಸದೆ ಉಚ್ಚಾರದಲ್ಲೇ ಬರೆಯಬೇಕು ಎಂಬುದಕ್ಕೆ ಅವರ ಹೆಸರಿನಲ್ಲಿ ಐದು ನಿಯಮಗಳಿವೆ. ಮಂತ್ರದ ಗುಟ್ಟು ಕೆಡುವಂತಿದ್ದರೆ, ಪದಕ್ಕೆ ಹಲವು ಅರ್ಥಗಳಿದ್ದರೆ, ಜಂಬೂವೃಕ್ಷದಂತೆ ಆ ವಸ್ತುವೇ ಚೀನಾದಲ್ಲಿ ಇಲ್ಲದಿದ್ದರೆ, ಹಿಂದಿನವರು ಹಾಗೆಯೇ ಬಳಸಿ ರೂಢಿಯಾಗಿದ್ದರೆ, ಅನುವಾದಿಸಿದಾಗ ಗೌರವ ಕುಗ್ಗುವಂತಿದ್ದರೆ ಮೂಲದ ಉಚ್ಚಾರವನ್ನೇ ಇಡಬೇಕು. 'ಪ್ರಜ್ಞಾ' ಎಂಬುದು ಕೊನೆಯ ಗುಂಪಿಗೆ ಸೇರುತ್ತದೆ.

ಬಿಡದಿಯವರು ಜಪಾನಿ ಕಲಿಯುತ್ತ ಇನ್ನೊಂದನ್ನು ಗಮನಿಸಿರಬಹುದು. ಅವರ ವರ್ಣಮಾಲೆ ಅ ಇ ಉ ಎ ಒ ಎಂದು ಶುರುವಾಗಿ ಕ ಸ ತ ನ ಹ ಮ ಯ ರ ವ ಎಂದು ಸಾಗುತ್ತದೆ. ಅವರ 'ಹ' ಹಿಂದೆ 'ಪ' ಆಗಿತ್ತು. 'ಸ' ಇರುವುದು ನಮ್ಮ ಚವರ್ಗದ ಜಾಗದಲ್ಲಿ. ಈಗ ಓದಿ: ಕ ಚ ತ ನ ಪ ಮ ಯ ರ ವ. ಬೌದ್ಧ ಭಿಕ್ಷುಗಳು ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿಯುವಾಗ ಬಂದ ಕ್ರಮ ಇದು. ಅವರ ಕಾನಾ, ಅಂದರೆ ಈ ವರ್ಣಮಾಲೆಯ ಅಕ್ಷರಗಳ ಆಕಾರ ಚೀನೀ ಅಕ್ಷರಗಳಿಂದ ಬಂತು, ಸಾಲು ಕಟ್ಟಿದ ಬಗೆ ಭಾರತದಿಂದ ಬಂತು. ಇದನ್ನು ಓದಿದಾಗಲೆಲ್ಲ ನನಗೆ ಹೆಮ್ಮೆ ಅನಿಸುತ್ತದೆ.

ಹೋ ಚಿ ಮಿನ್ ನಗರದಿಂದ

ವಿಯೆಟ್ನಾಮನ್ನು ಎಲ್ಲರೂ ಮರೆತೇಬಿಡುತ್ತಾರೆ! ಇಂದು ರೋಮನ್ ಲಿಪಿ ಕಾಣುವುದರಿಂದ ಹಾಗಾಗುತ್ತದೆ. ಇಲ್ಲಿ ಶತಮಾನಗಳ ಕಾಲ ಆಡಳಿತ, ಪರೀಕ್ಷೆ ಎಲ್ಲ ಚೀನೀ ಅಕ್ಷರದಲ್ಲಿ ನಡೆಯಿತು. ಹ್ಯೂ ನಗರದಲ್ಲಿ ಆ ಬಗೆಯ ಕೊನೆಯ ರಾಜಪರೀಕ್ಷೆ ನಡೆದದ್ದು 1919ರಲ್ಲಿ. ತಮ್ಮದೇ ಮಾತನ್ನು ಬರೆಯಲು 'ಚೂ ನೋಮ್' ಎಂಬ ಅಕ್ಷರಗಳನ್ನು ಕಟ್ಟಿಕೊಂಡಿದ್ದರು. 'ಮೂರು' ಇಲ್ಲಿ 'ಬಾ'. ಅದಕ್ಕೆ 'ಬಾ' ಎಂದು ಓದುವ ಒಂದು ಅಕ್ಷರ ಬರೆದು ಜೊತೆಗೆ ಚೀನೀ 'ಮೂರು' ಸೇರಿಸಿದರು. 'ಐದು' ಮತ್ತು 'ವರ್ಷ' ಎರಡಕ್ಕೂ ಇಲ್ಲಿ 'ನಮ್' ಎನ್ನುತ್ತಾರೆ. ಎರಡಕ್ಕೂ ಉಚ್ಚಾರದ ಭಾಗ 'ದಕ್ಷಿಣ' ಎಂಬ ಒಂದೇ ಅಕ್ಷರ. ಒಂದರಲ್ಲಿ ಪಕ್ಕಕ್ಕೆ 'ಐದು' ಇದೆ, ಇನ್ನೊಂದರಲ್ಲಿ 'ವರ್ಷ' ಇದೆ. ಮಾತಿನಲ್ಲಿ ಒಂದೇ ಆಗಿ ಕೇಳುವುದು ಬರಹದಲ್ಲಿ ಬೇರೆಯಾಗುತ್ತದೆ. 'ಆಕಾಶ' ಎಂಬುದರಲ್ಲಿ ಮಾತ್ರ ಉಚ್ಚಾರವೇ ಇಲ್ಲ: ಮೇಲೆ ಚೀನೀ 'ಆಕಾಶ', ಕೆಳಗೆ 'ಮೇಲೆ'. ಗದ್ದೆಗೆ ಇಲ್ಲಿನವರ ಮಾತು 'ರುವೊಂಗ್'. ಅದನ್ನು ನಿಮ್ಮ ಚೌಕದ ಅಕ್ಷರಕ್ಕೆ ಉಚ್ಚಾರ ತಿಳಿಸುವ ಇನ್ನೊಂದು ಭಾಗವನ್ನು ಜೋಡಿಸಿ ಬರೆಯುತ್ತಿದ್ದರು. ನೀರನ್ನೂ ಸೇರಿಸಲಿಲ್ಲ, ಬೆಂಕಿಯನ್ನೂ ಸೇರಿಸಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನ್ವೆನ್ ಜೂ ಬರೆದ 3,254 ಸಾಲುಗಳ 'ಕಿಯೆವ್' ಕಾವ್ಯ ಇದೇ ಲಿಪಿಯಲ್ಲಿದೆ. ಇಲ್ಲಿನ ಜನ ಅದರ ಸಾಲುಗಳನ್ನು ಬಾಯಿಪಾಠ ಹೇಳುತ್ತಾರೆ, ಆದರೆ ಮೂಲ ಲಿಪಿಯಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟು. ಇದು ನನ್ನನ್ನು ತುಂಬ ಕಾಡುವ ಸಂಗತಿ.

ಫಾಂಟ್ ಕೆಲಸದವನು

ಬೆಂಗಳೂರಿನಲ್ಲಿ ಆ್ಯಪ್‌ಗಳನ್ನು ಬೇರೆ ಭಾಷೆಗಳಿಗೆ ಹೊಂದಿಸುವ ಕೆಲಸ ಮಾಡುವವರಿಗೆ ಒಂದು ಮಾತು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಈ ದೇಶಗಳ ಅಕ್ಷರಗಳನ್ನು ಬಹುಮಟ್ಟಿಗೆ ಒಂದುಗೂಡಿಸಿದ್ದಾರೆ. ಒಂದೇ ಸಂಕೇತಸಂಖ್ಯೆ, ಆದರೆ ರೂಪ ಫಾಂಟ್ ಮೇಲೆ ನಿಲ್ಲುತ್ತದೆ. 'ಮೂಳೆ' ಎಂಬ ಅಕ್ಷರದ ತಲೆಯೊಳಗೆ ಒಂದು ಪುಟ್ಟ ಮೂಲೆ ಇದೆ. ಚೀನಾದ ಫಾಂಟ್‌ನಲ್ಲಿ ಅದು ಎಡಕ್ಕೆ, ಜಪಾನಿನದರಲ್ಲಿ ಬಲಕ್ಕೆ. 'ನೇರ' ಎಂಬ ಅಕ್ಷರದ ಬುಡದಲ್ಲಿ ಚೀನಾದವರು ಬರಿಯ ಅಡ್ಡಗೆರೆ ಹಾಕಿದರೆ, ಜಪಾನಿನವರು ಎಡತುದಿಯಲ್ಲಿ ಮೇಲಕ್ಕೆ ಮಡಚಿದ, L ಆಕಾರದ ಗೆರೆ ಹಾಕುತ್ತಾರೆ. ಪಠ್ಯ ಯಾವ ಭಾಷೆಯದು ಎಂದು ಕೋಡ್‌ನಲ್ಲಿ ನಮೂದಿಸದಿದ್ದರೆ ಜಪಾನಿ ಬಳಕೆದಾರರಿಗೆ ಚೀನಾದ ರೂಪಗಳು ಕಾಣಿಸುತ್ತವೆ, ಮತ್ತು ಅವರಿಗೆ ಅದು ತಕ್ಷಣ ಕಣ್ಣಿಗೆ ಚುಚ್ಚುತ್ತದೆ. ಪರೀಕ್ಷೆಗೆ ಈ ಎರಡು ಅಕ್ಷರಗಳನ್ನು ಹಾಕಿ ನೋಡಿ, ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇದರ ಮೇಲೆ ಸರಳೀಕರಣವೂ ಇದೆ. ಜಪಾನ್ 1946ರಿಂದ, ಚೀನಾ 1956ರಿಂದ ಅಕ್ಷರಗಳನ್ನು ಸರಳಗೊಳಿಸುತ್ತ ಬಂದವು. ಒಟ್ಟಾಗಿ ಅಲ್ಲ, ಅವರವರ ದಾರಿಯಲ್ಲಿ. ತೈವಾನ್, ಹಾಂಗ್‌ಕಾಂಗ್ ಹಳೆಯ ರೂಪದಲ್ಲೇ ಉಳಿದವು. 'ಡ್ರ್ಯಾಗನ್'ಗೆ ಈಗ ಮೂರು ರೂಪ. ಇವಕ್ಕೆ ಮಾತ್ರ ಬೇರೆಬೇರೆ ಸಂಖ್ಯೆಗಳಿವೆ.

ಬಿಡದಿ ಓದುಗ

ಎಲ್ಲರಿಗೂ ಹೃತ್ಪೂರ್ವಕ ವಂದನೆ. ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಜಪಾನಿನಲ್ಲಿ ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಅಕ್ಷರಗಳಿವೆ ಎನ್ನುತ್ತಾರೆ. ಚಿತ್ರದ ಕಥೆ ನಂಬದೆ ಕಲಿಯುವುದಾದರೆ ಯಾವ ಕ್ರಮದಲ್ಲಿ ಹೋಗಬೇಕು?

ಲಿಪಿಮೋಹಿ

ಮೊದಲ ಸುಮಾರು ನೂರು ಅಕ್ಷರಗಳನ್ನು ಚಿತ್ರವಾಗಿಯೇ ಕಲಿಯಿರಿ, ಮೇಷ್ಟ್ರ ಮಾತು ಅಲ್ಲಿಗೆ ಸರಿ. ಬೆಟ್ಟ, ನೀರು, ಬಾಯಿ, ಕೈ, ಮರ ಇವೆಲ್ಲ ಮುಂದೆ ಬೇರೆ ಅಕ್ಷರಗಳ ಅಂಗಗಳಾಗುತ್ತವೆ. ಅಲ್ಲಿಂದ ಮುಂದೆ ಉಚ್ಚಾರದ ಕುಟುಂಬಗಳನ್ನು ಹಿಡಿಯಿರಿ.

'ನೀಲಿ' ಎಂಬ ಅಕ್ಷರ ತೆಗೆದುಕೊಳ್ಳಿ. ಚೀನೀ ಮೂಲದ ಓದು 'ಸೇ'. ಅದಕ್ಕೆ ಎಡಗಡೆ ನೀರು ಸೇರಿದರೆ ತಿಳಿಯಾದದ್ದು, ಸೂರ್ಯ ಸೇರಿದರೆ ಬಾನು ತಿಳಿಯಾದ ದಿನ, ಅಕ್ಕಿ ಸೇರಿದರೆ ಪಾಲಿಶ್ ಮಾಡಿ ಶುದ್ಧಗೊಳಿಸಿದ್ದು, ಮಾತು ಸೇರಿದರೆ ವಿನಂತಿ. ಜಪಾನಿನಲ್ಲಿ ನಾಲ್ಕಕ್ಕೂ ಓದು 'ಸೇ'. ಕೊರಿಯಾದಲ್ಲಿ ಇವೇ 'ಚೊಂಗ್', ಅಕ್ಕಿಯದು 'ಜೊಂಗ್'. ಬೀಜಿಂಗಿನಲ್ಲಿ 'ಛಿಂಗ್', ಅಕ್ಕಿಯದು 'ಜಿಂಗ್'. ಒಂದು ಕಲಿತರೆ ಐದು ಕೈಗೆ ಸಿಕ್ಕವು.

ಕೆಲವು ಕುಟುಂಬಗಳು ಚೀನಾದಲ್ಲೇ ಒಡೆದುಹೋಗಿವೆ. 'ನದಿ' ಎಂಬ ಅಕ್ಷರದಲ್ಲಿ ಎಡಕ್ಕೆ ನೀರು, ಬಲಕ್ಕೆ 'ಕೆಲಸ' ಇವೆ. ಬೀಜಿಂಗಿನಲ್ಲಿ ನದಿ 'ಜ್ಯಾಂಗ್', ಕೆಲಸ 'ಗೋಂಗ್'. ಸಂಬಂಧವೇ ಕಾಣುವುದಿಲ್ಲ. ಕೊರಿಯಾದಲ್ಲಿ ಕೇಳಿ: 'ಗಾಂಗ್', 'ಗೋಂಗ್'. ಜಪಾನಿನಲ್ಲಿ ಎರಡೂ 'ಕೋ'. ಹೀಗೆ ಜಪಾನಿ ಕಲಿಯುವವರಿಗೆ ಕೆಲವು ಕಡೆ ಚೀನೀ ಕಲಿಯುವವರಿಗಿಂತ ದಾರಿ ಸುಗಮ. ನಿಮ್ಮ ಪಟ್ಟಿಯಲ್ಲಿ ಅಂಥ ಕುಟುಂಬಗಳಿಗೆ ಗುರುತು ಹಾಕಿಟ್ಟುಕೊಳ್ಳಿ. 'ಬಿಳಿ', 'ದೇವಾಲಯ', 'ಅರ್ಧ' ಈ ಮೂರರಿಂದ ಶುರು ಮಾಡಬಹುದು. 'ದೇವಾಲಯ'ದ ಕುಟುಂಬದಲ್ಲಿ ಒಂದೆರಡು ದಾರಿ ತಪ್ಪಿದವೂ ಇವೆ. ಸಿಕ್ಕಾಗ ಇಲ್ಲೇ ಬರೆಯಿರಿ, ಒಂದೊಂದಾಗಿ ಬಿಡಿಸೋಣ.